ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಎನ್‌ಕ್ರಿಪ್ಟ್ ಮಾಡಿದವರು ಅನುಭವ ಹೇಳಿ

ಮನೆಯಲ್ಲಿ 1 ಟಿಬಿ ಹಾರ್ಡ್ ಡಿಸ್ಕ್ ಇದೆ. ಅದರಲ್ಲಿ ಅಪ್ಪನ ಪಿಂಚಣಿ ಕಾಗದ, ಸೈಟಿನ ಕ್ರಯಪತ್ರದ ಸ್ಕ್ಯಾನ್, ಎಲ್ಲರ ಆಧಾರ್, ಜೊತೆಗೆ ಹತ್ತು ವರ್ಷದ ಫೋಟೊ. ಹೋದ ವಾರ ಬ್ಯಾಗ್ ಬಸ್ಸಿನಲ್ಲೇ ಬಿಟ್ಟು ಇಳಿದೆ. ಕಂಡಕ್ಟರ್ ಎತ್ತಿಟ್ಟಿದ್ದರು, ಸಿಕ್ಕಿತು. ಆದರೆ ಆ ಎರಡು ಗಂಟೆ ಎದೆ ಡವಡವ. ಲ್ಯಾಪ್‌ಟಾಪ್‌ನಲ್ಲಿರುವುದು ವಿಂಡೋಸ್ 11 ಹೋಮ್. ಪಾಸ್‌ವರ್ಡ್ ಇಲ್ಲದೆ ಯಾರೂ ಓದಲಾಗದಂತೆ ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡಬೇಕು ಅಂತಿದ್ದೇನೆ. ನೀವೆಲ್ಲ ಹೇಗೆ ಮಾಡಿದಿರಿ? ಎಲ್ಲಿ ಎಡವಿದಿರಿ?

ಧಾರವಾಡದಿಂದ:
ಹೋಮ್ ಅಂದಿರಿ ಅಲ್ವಾ, ಹಾಗಾದರೆ ವಿಂಡೋಸ್‌ನದೇ ಎನ್‌ಕ್ರಿಪ್ಟ್ ಸೌಲಭ್ಯವಾದ ಬಿಟ್‌ಲಾಕರ್ ಆಸೆ ಬಿಡಿ. ಬೇರೆ ಕಡೆ ಬಿಟ್‌ಲಾಕರ್ ಹಾಕಿದ ಡ್ರೈವನ್ನು ಪಾಸ್‌ವರ್ಡ್ ಕೊಟ್ಟು ತೆರೆಯಲು ಹೋಮ್ ಸಾಕು, ಹೊಸದಾಗಿ ಹಾಕಲು ವಿಂಡೋಸ್ ಪ್ರೊ ಬೇಕು. ಆಫೀಸಿನ ಲ್ಯಾಪ್‌ಟಾಪ್‌ನಲ್ಲಿ ಹಾಕಿಕೊಂಡು ಬರುವ ಉಪಾಯವೂ ಬೇಡ. ಪಾಸ್‌ವರ್ಡ್ ಇಲ್ಲದೆಯೂ ಡ್ರೈವ್ ತೆರೆಯುವ 48 ಅಂಕಿಯ ರಿಕವರಿ ಕೀ ಆಫೀಸಿನವರ ಹತ್ತಿರ ಉಳಿದುಬಿಡಬಹುದು.

ನಾನು ಬಳಸುವುದು ಎನ್‌ಕ್ರಿಪ್ಟ್ ಮಾಡುವ ಸಾಫ್ಟ್‌ವೇರ್ ವೆರಾಕ್ರಿಪ್ಟ್. ದುಡ್ಡಿಲ್ಲ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. 2014ರಲ್ಲಿ ನಿಂತುಹೋದ ಇಂಥದೇ ಸಾಫ್ಟ್‌ವೇರ್ ಟ್ರೂಕ್ರಿಪ್ಟ್‌ನ ಕೋಡಿನಿಂದಲೇ ಬೆಳೆದದ್ದು. ನಿಧಾನ ಆಗುತ್ತದೆ ಎಂದು ಹೆದರಬೇಡಿ. ಈಗಿನ ಪ್ರೊಸೆಸರ್‌ಗಳಲ್ಲಿ ಎಇಎಸ್ (ಎನ್‌ಕ್ರಿಪ್ಟ್ ಮಾಡುವ ಒಂದು ವಿಧಾನ) ಲೆಕ್ಕಕ್ಕೆಂದೇ ವ್ಯವಸ್ಥೆ ಇರುತ್ತದೆ. ತಿರುಗುವ ಹಾರ್ಡ್ ಡಿಸ್ಕ್ ಆದರೆ ಅದೇ ಮೊದಲು ಏದುಸಿರು ಬಿಡುತ್ತದೆ.

ಪುತ್ತೂರಿನಿಂದ:
ನಾನೂ ವೆರಾಕ್ರಿಪ್ಟೇ. ಆದರೆ ಇಡೀ ಡಿಸ್ಕ್ ಎನ್‌ಕ್ರಿಪ್ಟ್ ಮಾಡಿ ಕೆಟ್ಟೆ. ಅಂಥ ಡಿಸ್ಕ್ ಚುಚ್ಚಿದರೆ ವಿಂಡೋಸ್‌ಗೆ ಒಳಗೇನಿದೆ ತಿಳಿಯುವುದಿಲ್ಲ. ಫಾರ್ಮ್ಯಾಟ್ ಮಾಡಲಾ ಎಂದು ಕೇಳುತ್ತದೆ. ನಾನು ಊರಲ್ಲಿಲ್ಲದಾಗ ತಮ್ಮ ಚುಚ್ಚಿದ, ಹೂಂ ಅಂದುಬಿಟ್ಟ. ಅವನದೇನೂ ತಪ್ಪಿಲ್ಲ, ನಾನು ಹೇಳಿರಲೇ ಇಲ್ಲ.

ತೆರೆಯುವ ಕೀಲಿ ಇರುವ ಹೆಡರ್ ಹೋಯಿತು. ಪುಣ್ಯಕ್ಕೆ ಡಿಸ್ಕಿನ ಕೊನೆಯಲ್ಲಿ ಅದರ ನಕಲು ಇರುತ್ತದೆ, ಆಗಿದ್ದು ಮೇಲ್ಮೇಲೆ ಅಳಿಸುವ ಕ್ವಿಕ್ ಫಾರ್ಮ್ಯಾಟ್. ಬಾಗಿಲೇನೋ ತೆರೆಯಿತು, ಒಳಗೆಲ್ಲ ಚೆಲ್ಲಾಪಿಲ್ಲಿ. ರಿಕವರಿ ಸಾಫ್ಟ್‌ವೇರ್ ಹಚ್ಚಿ ಎತ್ತಿದ ಫೋಟೊಗಳಿಗೆ ಹೆಸರೂ ಇಲ್ಲ, ತಾರೀಕೂ ಇಲ್ಲ. ನಾಮಕರಣ ಯಾವುದು, ಉಪನಯನ ಯಾವುದು, ಇನ್ನೂ ಆರಿಸುತ್ತಾ ಕೂತಿದ್ದೇನೆ.

ಅದಕ್ಕೇ ಹೇಳುವುದು, ಡಿಸ್ಕ್ ಇದ್ದ ಹಾಗೇ ಇರಲಿ. ಅದರೊಳಗೆ 100 ಜಿಬಿಯ ಒಂದು ಕಂಟೇನರ್ ಫೈಲ್ (ಪಾಸ್‌ವರ್ಡ್ ಹಾಕಿದ ಪೆಟ್ಟಿಗೆ ಇದ್ದಂತೆ) ಮಾಡಿ, ಕಾಗದಪತ್ರ ಅದರಲ್ಲಿಡಿ. ಡಿಸ್ಕಿನ ಫಾರ್ಮ್ಯಾಟ್ ಫ್ಯಾಟ್32 ಆಗಿದ್ದರೆ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಯುವುದಿಲ್ಲ, ಎಕ್ಸ್‌ಫ್ಯಾಟ್ ಮಾಡಿಕೊಳ್ಳಿ. ಪ್ರವಾಸದ ಫೋಟೊ ಹೊರಗೇ ಇರಲಿ, ಟಿವಿಗೆ ಚುಚ್ಚಿ ನೋಡಬಹುದು.

ಬೆಂಗಳೂರಿನಿಂದ:
ಮ್ಯಾಕ್ ಇದ್ದರೆ ಅದರ ಜೊತೆಗೇ ಬರುವ ಡಿಸ್ಕ್ ಯುಟಿಲಿಟಿಯಲ್ಲೇ ಕೆಲಸ ಮುಗಿಯುತ್ತದೆ. ಆದರೆ ಅಣ್ಣನ ವಿಂಡೋಸ್‌ನಲ್ಲಿ ನನ್ನ ಡಿಸ್ಕ್ ತೆರೆಯಲೇ ಇಲ್ಲ. ಮದುವೆ ಮನೆಯಲ್ಲಿ ಮ್ಯಾಕ್ ಇರುವವರನ್ನು ಹುಡುಕಿಕೊಂಡು ಅಲೆದೆ.

ಶಿವಮೊಗ್ಗದಿಂದ:
ಪಾಸ್‌ವರ್ಡ್ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ವೆರಾಕ್ರಿಪ್ಟ್ 20 ಅಕ್ಷರಕ್ಕಿಂತ ಕಡಿಮೆ ಇದ್ದರೆ ಗೊಣಗುತ್ತದೆ. ಒಂದಕ್ಕೊಂದು ಸಂಬಂಧವಿಲ್ಲದ ಐದಾರು ಪದ ಜೋಡಿಸಿ. ಗಾದೆ ಬೇಡ, ಅದು ಎಲ್ಲರಿಗೂ ಗೊತ್ತು. ಕನ್ನಡ ಪದವಾದರೂ ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯಿರಿ, ಬೇರೆಯವರ ಕಂಪ್ಯೂಟರಿನಲ್ಲಿ ಕನ್ನಡ ಕೀಬೋರ್ಡ್ ಇರಬೇಕಲ್ಲ. ಮರೆತರೆ ವೆರಾಕ್ರಿಪ್ಟ್‌ನವರೂ ತೆಗೆದುಕೊಡಲಾರರು. ಹಾಳೆಯಲ್ಲಿ ಬರೆದು ಬೀರುವಿನಲ್ಲಿಡಿ, ಡಿಸ್ಕಿನ ಪೌಚಿನಲ್ಲಲ್ಲ!

ಇನ್ನೊಂದು, ಹಳೆಯ ಫೈಲ್ ಸುಮ್ನೆ ಡಿಲೀಟ್ ಮಾಡಿದರೆ ಅದು ಹೋಗಿರುವುದಿಲ್ಲ. ಮೊದಲು ಎಲ್ಲವನ್ನೂ ಬೇರೆ ಡಿಸ್ಕಿಗೆ ಹಾಕಿ, ತೆರೆದು ನೋಡಿ. ಆಮೇಲೆ ಇದನ್ನು ಕ್ವಿಕ್ ಅಲ್ಲದ, ಪೂರ್ತಿ ಫಾರ್ಮ್ಯಾಟ್ ಮಾಡಿ. 1 ಟಿಬಿಗೆ ಕೆಲವು ಗಂಟೆ ಬೇಕು, ರಾತ್ರಿ ಹಚ್ಚಿ ಮಲಗಿ.

ಕೇಳಿದವನು:
ಎಲ್ಲರಿಗೂ ಥ್ಯಾಂಕ್ಸ್. ಭಾನುವಾರ ಮಾಡಿದೆ. 100 ಜಿಬಿ ಕಂಟೇನರ್, ಅದರದೇ ಇನ್ನೊಂದು ಪ್ರತಿ ಅಕ್ಕನ ಮನೆಯ ಡಿಸ್ಕಿನಲ್ಲಿ. ಹಾಳೆ ಅಮ್ಮನ ಬೀರುವಿನಲ್ಲಿದೆ. ಅದನ್ನು ನೋಡಿಕೊಂಡು ಅಪ್ಪನ ಕೈಯಲ್ಲೇ ಒಮ್ಮೆ ತೆರೆಸಿದೆ. ಎರಡು ಸಲ ಆಗಲಿಲ್ಲ, ಹಾಳೆಯಲ್ಲಿ ತಪ್ಪು ಬರೆದೆನೇನೋ ಎಂದು ಬೆವರಿದೆ. ನೋಡಿದರೆ ಕ್ಯಾಪ್ಸ್ ಲಾಕ್ ಆನ್ ಆಗಿತ್ತು.