ಸಹಾಯ ಬೇಕು: 1/72 ಅಳತೆಯ ಬಂದರು ಡಯೊರಾಮಾ (ಪುಟ್ಟ ಮಾದರಿ ದೃಶ್ಯ), ರೆಸಿನ್ ನೀರು ದೋಣಿಯ ಮೈಗೆ ಹತ್ತುತ್ತಿದೆ

ದೃಶ್ಯ 1943ರ ಇಂಗ್ಲೆಂಡಿನ ಫೆಲಿಕ್ಸ್‌ಸ್ಟೋ ಬಂದರು: ಮರದ ಜೆಟ್ಟಿಗೆ ಕಟ್ಟಿದ ಎರಡು ವಾಸ್ಪರ್ ಟಾರ್ಪಿಡೋ ಬೋಟುಗಳು. ಏರ್‌ಫಿಕ್ಸ್ ಕಂಪನಿಯ ಪ್ಲಾಸ್ಟಿಕ್ ಕಿಟ್, ತಲಾ ಸುಮಾರು 31 ಸೆಂ.ಮೀ. ಹಲ್ (ದೋಣಿಯ ಮೈ) ಅನ್ನು ವಾಟರ್‌ಲೈನ್‌ಗಿಂತ (ನೀರು ಮುಟ್ಟುವ ಗೆರೆ) 3 ಮಿ.ಮೀ. ಕೆಳಗೆ ಕೊಯ್ದು, ತಳಕ್ಕೆ 1 ಮಿ.ಮೀ. ಸ್ಟೈರೀನ್ ಪ್ಲಾಸ್ಟಿಕ್ ಹಾಳೆ ಅಂಟಿಸಿದೆ.

ತುಂಡು ಹಲಗೆಯ ಮೇಲೆ ಎಪಾಕ್ಸಿ (ನೀರಿಗಾಗಿ ಬಳಸುವ, ಸುರಿದ ಮೇಲೆ ಗಟ್ಟಿಯಾಗುವ ರೆಸಿನ್) ಸುರಿದು ನೋಡಿದರೆ, ಹಲ್ ಸುತ್ತ ರೆಸಿನ್ 1 ಮಿ.ಮೀ. ಮೇಲೇರಿ ಹಾಗೇ ಗಟ್ಟಿಯಾಗುತ್ತದೆ. ಈ ಅಳತೆಯಲ್ಲಿ ಅದು 7 ಸೆಂ.ಮೀ. ನೀರಿನ ಗೋಡೆ! ಮ್ಯಾಟ್ (ಹೊಳಪಿಲ್ಲದ) ವಾರ್ನಿಷ್ ಬಳಿದ ಕಡೆ ಇನ್ನೂ ಜಾಸ್ತಿ, ಒರಟು ಮೈ ರೆಸಿನ್ನನ್ನು ಎಳೆದುಕೊಳ್ಳುತ್ತದೆ.

ಜೆಟ್ಟಿ ಕಂಬದ ಗುಳ್ಳೆಗಳ ಬಗ್ಗೆ ಕೇಳುತ್ತಿಲ್ಲ. ಮರದೊಳಗಿನ ಗಾಳಿ ಅದು, ಮರದ ರಂಧ್ರ ಮುಚ್ಚುವ ಸ್ಯಾಂಡಿಂಗ್ ಸೀಲರ್ ಎರಡು ಕೋಟ್ ಹೊಡೆದರೆ ನಿಲ್ಲುತ್ತದೆ. ರೆಸಿನ್ ದಪ್ಪ ಪದರ ಸುರಿದರೆ ಗಟ್ಟಿಯಾಗುವಾಗಿನ ಬಿಸಿಗೆ ತೆಳು ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ, ಹಾಗಾಗಿ 2 ಮಿ.ಮೀ. ಪದರಗಳೇ.

ಕೇಳಬೇಕಿರುವುದು: ಮೇಲೇರಿದ ಅಂಚು ಮುಚ್ಚಲು ಹೊಳಪಿನ (ಗ್ಲಾಸ್) ಅಕ್ರಿಲಿಕ್ ಜೆಲ್ಲನ್ನು ಬ್ರಷ್ ತುದಿಯಿಂದ ಕುಕ್ಕಿ ಸಣ್ಣ ಅಲೆ ಎಬ್ಬಿಸಿದರೆ ಸಾಕೇ? ಎಪಾಕ್ಸಿ ಮೇಲಿನ ಜಿಡ್ಡನ್ನು ಸೋಪು ನೀರಲ್ಲಿ ಒರೆಸಿ, 400 ನಂಬರ್ ಉಜ್ಜು ಕಾಗದ ತಿಕ್ಕಿದ ಮೇಲೂ ಜೆಲ್ ಕಿತ್ತು ಏಳುವುದುಂಟೇ? ಇಲ್ಲ, ರೆಸಿನ್ ಬಿಟ್ಟು ಫೋಮ್ ಮೇಲೆ ಜೆಲ್ ಮಾತ್ರ ಬಳಿಯುವುದೇ ವಾಸಿಯೇ? ಬಂದರಿನ ಕೆಸರು ಹಸಿರು ನೀರಿಗೆ ಆಳ ಕಾಣಬೇಕಿಲ್ಲ. ಮಾಡಿ ನೋಡಿದವರು ಜೆಲ್ಲಿನ ಹೆಸರು, ಪದರದ ದಪ್ಪ ಎರಡೂ ತಿಳಿಸಿ.