ಪದಚರ್ಚೆ: ‘ಉಪ್ಪುನೀರು’ ಎಂದರೆ ಯಾವ ನೀರು? (ಕಚೇರಿಯ ಪಫರ್ ಮೀನಿನ ತೊಟ್ಟಿಗೆ ಸೂಚನಾಫಲಕ)

ಪ್ರಶ್ನೆ:

ಹಾಸನದ ಕಚೇರಿಯೊಂದರ ಸ್ವಾಗತಕೋಣೆಗೆ ಕಡಲಿನ ಪಫರ್ ಮೀನಿನ (ಹೆದರಿದಾಗ ಮೈ ಉಬ್ಬಿಸಿಕೊಳ್ಳುವ ಮೀನು) ತೊಟ್ಟಿ ಬರುತ್ತಿದೆ. ಅಳತೆ 90 × 45 × 50 ಸೆಂ.ಮೀ. ಮರಳು, ಕಲ್ಲು, ಮೇಲೆ ಬಿಡುವ ಜಾಗ ಕಳೆದರೆ ನಿಲ್ಲುವ ನೀರು ಸುಮಾರು 170 ಲೀಟರ್. ಇರುವುದು ಒಂದೇ ಮೀನು: ವ್ಯಾಲೆಂಟಿನಿ ಪಫರ್, ಬೆಳೆದರೂ 11 ಸೆಂ.ಮೀ. ಆಸುಪಾಸು. ನೋಡಿಕೊಳ್ಳುವವರು ಕಚೇರಿಯ ಸಹಾಯಕರು. ಅವರಿಗಾಗಿ ಗೋಡೆಗೆ ಅಂಟಿಸುವ ಒಂದು ಪುಟದ ಸೂಚನೆ ಕನ್ನಡದಲ್ಲಿ ಬೇಕು. ಕರಡಿನಲ್ಲಿ ಅನುಮಾನ ಹುಟ್ಟಿಸಿದ ವಾಕ್ಯಗಳು ಇವು:

‘ತೊಟ್ಟಿಗೆ ಉಪ್ಪುನೀರನ್ನೇ ಬಳಸಿ.’
‘ನೀರು ಕಡಿಮೆಯಾದರೆ ನೀರು ಹಾಕಿ.’
‘ಮೀನು ಬಿಡುವ ಮೊದಲು ತೊಟ್ಟಿಯನ್ನು ಸೈಕಲ್ ಮಾಡಿ.’
‘ತೊಟ್ಟಿಗೆ ಹವಳಗಲ್ಲು ಜೋಡಿಸಿ.’

ಜೊತೆಗೆ ಇನ್ನೊಂದು. ಪಫರ್‌ಗೆ ‘ಊದುಮೀನು’ ಎನ್ನಬಹುದೇ, ‘ಉಬ್ಬುಮೀನು’ ಸರಿಯೇ?

ಉತ್ತರ (ಚಿಕ್ಕಮಗಳೂರಿನಿಂದ):

ಮೊದಲ ವಾಕ್ಯವೇ ಎಲ್ಲಕ್ಕಿಂತ ಅಪಾಯದ್ದು. ಹಾಸನ, ಅರಸೀಕೆರೆ, ಕಡೂರು ಕಡೆ ‘ನಮ್ಮ ಬೋರಿನದು ಉಪ್ಪುನೀರು’ ಎಂದರೆ ಕಡಲ ನೀರಲ್ಲ, ಗಡಸು ನೀರು. ಬೇಳೆ ಬೇಯದ, ಸೋಪು ನೊರೆ ಬಾರದ, ಗೀಸರ್‌ನಲ್ಲಿ ಬಿಳಿ ಪೊರೆ ಕಟ್ಟುವ ನೀರು ಅದು. ಫಲಕ ಓದಿದವರು ಬೋರ್‌ವೆಲ್ ನಲ್ಲಿಯನ್ನೇ ತೊಟ್ಟಿಗೆ ತಿರುಗಿಸಿದರೆ ತಪ್ಪು ಅವರದಲ್ಲ, ವಾಕ್ಯದ್ದು. ಇನ್ನೊಬ್ಬರು ಅಡುಗೆಯ ಪುಡಿ ಉಪ್ಪನ್ನು ಕಲಸಬಹುದು. ಅದು ಬರೀ ಸೋಡಿಯಂ ಕ್ಲೋರೈಡ್, ಮೇಲೊಂದಿಷ್ಟು ಅಯೋಡಿನ್. ಕಡಲ ನೀರಿನ ಒಂದು ಲೀಟರಿನಲ್ಲಿ ಸುಮಾರು 1,300 ಮಿ.ಗ್ರಾಂ. ಮೆಗ್ನೀಷಿಯಂ, 400 ಮಿ.ಗ್ರಾಂ.ಗೂ ಮಿಕ್ಕಿ ಕ್ಯಾಲ್ಸಿಯಂ ಇರುತ್ತವೆ. ಪಿಎಚ್ (ಆಮ್ಲ-ಕ್ಷಾರದ ಅಳತೆ) ಮಟ್ಟವನ್ನು 8ರ ಮೇಲೆ ಹಿಡಿದಿಡುವ ಕಾರ್ಬನೇಟುಗಳೂ ಇರುತ್ತವೆ.

ಕನ್ನಡದಲ್ಲಿ ಇದಕ್ಕೆ ಬೇಕಾದ ಪದಗಳು ಮೊದಲಿನಿಂದ ಇವೆ, ಬೆರೆಸದೆ ಬಳಸಿದರೆ ಸಾಕು. ಬೋರಿನದು ಗಡಸು ನೀರು. ಅಳಿವೆಯಲ್ಲಿ ಹೊಳೆ ಕಡಲು ಕೂಡಿದಾಗ ಆಗುವುದು ಸವಳು ನೀರು, ಬಯಲುಸೀಮೆಯ ಬಾಯಲ್ಲಿ ಚೌಳು. ಪೂರ್ತಿ ಉಪ್ಪಿನದು ಕಡಲ ನೀರು. ಪಫರ್ ವಿಷಯದಲ್ಲಿ ಈ ಭೇದ ಬರೀ ಪಾಂಡಿತ್ಯದ್ದಲ್ಲ, ಏಕೆಂದರೆ ಈ ಕುಟುಂಬದ ಮೀನುಗಳು ಬೇರೆ ಬೇರೆ ನೀರಿನಲ್ಲಿ ಬದುಕುತ್ತವೆ. ಬಟಾಣಿ ಗಾತ್ರದ ಮಲಬಾರ್ ಪಫರ್ ಪಶ್ಚಿಮಘಟ್ಟದ ಹೊಳೆಗಳ ಸಿಹಿನೀರಿನದು, 1941ರಲ್ಲಿ ತಿರುವಾಂಕೂರಿನ ಹೆಸರಲ್ಲಿ ನಾಮಕರಣವಾದದ್ದು. ಹಸಿರು ಮೈಮೇಲೆ ಕರಿಚುಕ್ಕೆಯ ಪಫರ್ ಸವಳಿನದು, ಅಂಗಡಿಗಳಲ್ಲಿ ಸಿಹಿನೀರಿನ ಮೀನೆಂದೇ ಮಾರಾಟವಾಗಿ ನಿಧಾನವಾಗಿ ಸೊರಗುವುದು ಇದೇ. ವ್ಯಾಲೆಂಟಿನಿ ಕಡಲಿನದು. ಆದ್ದರಿಂದ ಫಲಕದಲ್ಲಿ ‘ಕಡಲುಪ್ಪು ಬೆರೆಸಿದ ನೀರು’ ಎಂದು ಪೂರ್ತಿ ಬರೆಯಿರಿ, ‘ಅಕ್ವೇರಿಯಂ ಅಂಗಡಿಯ ಕಡಲುಪ್ಪು ಮಾತ್ರ, ಅಡುಗೆ ಉಪ್ಪು ಬೇಡ’ ಎಂದು ಕೆಳಗೆ ಸೇರಿಸಿ. ಅಳತೆಗೆ ಭೂಗೋಳದ ಪಠ್ಯದ ‘ಲವಣತೆ’ಯೇ ಚೆನ್ನಾಗಿದೆ: ಲವಣತೆ ಲೀಟರಿಗೆ 35 ಗ್ರಾಂ, ಸಾಪೇಕ್ಷ ಸಾಂದ್ರತೆ (ಸಪ್ಪೆ ನೀರಿಗೆ ಹೋಲಿಸಿದ ಸಾಂದ್ರತೆ) 1.025ರಿಂದ 1.026. ನಿಮ್ಮ 170 ಲೀಟರಿಗೆ ಹೆಚ್ಚುಕಮ್ಮಿ 6 ಕೆ.ಜಿ. ಉಪ್ಪು. ಲವಣತೆ ಅಳೆಯುವ ರಿಫ್ರಾಕ್ಟೋಮೀಟರನ್ನು ಸಪ್ಪೆ ನೀರಿನಲ್ಲಿ ಸೊನ್ನೆಗೆ ಕೂರಿಸಿದರೆ ಸಾಲದು, 35ರ ಮಾದರಿ ದ್ರಾವಣದಲ್ಲೂ ಸರಿ ನೋಡಬೇಕು.

ಇಲ್ಲೊಂದು ವಿಭಕ್ತಿಯ ಮಾತು. ‘ನೀರಿಗೆ ಉಪ್ಪು ಹಾಕಿ’ ಎಂದೇ ಬರೆಯಿರಿ, ‘ಉಪ್ಪಿಗೆ ನೀರು ಹಾಕಿ’ ಎಂದಲ್ಲ. ಉಪ್ಪಿನ ರಾಶಿಯ ಮೇಲೆ ನೀರು ಸುರಿದರೆ ಆ ಕ್ಷಣದ ಗಟ್ಟಿ ದ್ರಾವಣದಲ್ಲಿ ಕ್ಯಾಲ್ಸಿಯಂ ಕಾರ್ಬನೇಟ್ ಸುಣ್ಣವಾಗಿ ಇಳಿದು ನೀರು ಹಾಲಿನಂತಾಗುತ್ತದೆ, ಮತ್ತೆ ಕರಗುವುದಿಲ್ಲ. ಡ್ರಮ್ಮಿನಲ್ಲಿ ನೀರು ತುಂಬಿ, ಪಂಪ್ ತಿರುಗುತ್ತಿರುವಾಗ ಸ್ವಲ್ಪಸ್ವಲ್ಪವೇ ಉಪ್ಪು ಉದುರಿಸಿ, ಒಂದು ದಿನ ತಿರುಗಲು ಬಿಡಬೇಕು.

ಎರಡನೆಯ ವಾಕ್ಯ ‘ನೀರು ಹಾಕಿ’. ಇದರಲ್ಲಿ ಎರಡು ಬೇರೆ ಕೆಲಸಗಳು ಅಡಗಿವೆ. ಆರಿಹೋದ ನೀರಿನ ಜಾಗ ತುಂಬುವುದು ಒಂದು, ಕೊಳೆತ ನೀರು ತೆಗೆದು ಹೊಸದು ಕೊಡುವುದು ಇನ್ನೊಂದು. ಆರುವುದು ನೀರು ಮಾತ್ರ, ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ. ದಿನಕ್ಕೆ 2 ಲೀಟರ್ ಆರಿ, ಆ ಜಾಗಕ್ಕೆ ಉಪ್ಪಿನ ನೀರನ್ನೇ ತುಂಬಿದರೆ ದಿನಕ್ಕೆ 70 ಗ್ರಾಂ, ಹತ್ತು ದಿನಕ್ಕೆ 700 ಗ್ರಾಂ ಉಪ್ಪು ಹೆಚ್ಚುವರಿ. 35 ಇದ್ದ ಲವಣತೆ 39 ದಾಟುತ್ತದೆ. ಇದಕ್ಕೆ ‘ಭರ್ತಿನೀರು’ ಮತ್ತು ‘ಬದಲುನೀರು’ ಎಂಬ ಜೋಡಿ ಸೂಚಿಸುತ್ತೇನೆ. ಭರ್ತಿನೀರು ಸಪ್ಪೆ, ತೊಟ್ಟಿಯ ಮೇಲೆ ಗುರುತು ಹಾಕಿದ ಗೆರೆ ಮುಟ್ಟುವಷ್ಟು ದಿನವೂ. ಬದಲುನೀರು ಉಪ್ಪಿನದು, ಹದಿನೈದು ದಿನಕ್ಕೊಮ್ಮೆ 30 ಲೀಟರ್, ಅದಕ್ಕೆ ಉಪ್ಪು 1 ಕೆ.ಜಿ. ಮೇಲೆ 50 ಗ್ರಾಂ. ಎರಡು ಕ್ಯಾನಿಗೂ ಬೇರೆ ಬಣ್ಣ ಇರಲಿ. ಅಕ್ಷರ ಓದದಿದ್ದರೂ ಬಣ್ಣ ಕಾಣುತ್ತದೆ.

ಸಪ್ಪೆ ನೀರು ಎಂದಾಗ ಕಚೇರಿಯ ಕುಡಿಯುವ ಆರ್‌ಒ ನೆನಪಾಗುತ್ತದೆ. ಅದು ಹಾಗೇ ನಡೆಯುವುದಿಲ್ಲ. ಕುಡಿಯುವ ಯಂತ್ರಗಳಲ್ಲಿ ರುಚಿಗೆಂದು ಸ್ವಲ್ಪ ಶೋಧಿಸದ ನೀರು ಬೆರೆಸುವ ತಿರುಪು ಇರುತ್ತದೆ. ಕೆಲವು ಯಂತ್ರಗಳು ಆರೋಗ್ಯದ ಹೆಸರಲ್ಲಿ ತಾಮ್ರವನ್ನೂ ಸೇರಿಸುತ್ತವೆ. ಹುರುಪೆಯಿಲ್ಲದ ಮೈಯ ಪಫರ್‌ಗೆ ತಾಮ್ರ ಆಗಿಬರುವುದಿಲ್ಲ. ತಾಮ್ರದ ಕೊಳವೆ ಇಲ್ಲದ, ತಿರುಪು ಪೂರ್ತಿ ಮುಚ್ಚಿದ ಯಂತ್ರವಾಗಿರಲಿ, ಮೀಟರಿನಲ್ಲಿ ಟಿಡಿಎಸ್ (ನೀರಿನಲ್ಲಿ ಕರಗಿರುವ ಲವಣಗಳ ಅಳತೆ) 10ರ ಒಳಗೆ ಬರಲಿ.

‘ಸೈಕಲ್ ಮಾಡಿ’ ಬೇಡವೇ ಬೇಡ. ಹೊಸ ಮಣ್ಣಿನ ಮಡಕೆ, ಹೊಸ ಕಾವಲಿಗೆ ನಾವು ಹೇಳುವ ‘ಪಳಗಿಸು’ ಇಲ್ಲಿಗೆ ಹೇಳಿಮಾಡಿಸಿದ ಮಾತು: ತೊಟ್ಟಿ ಪಳಗಿಸುವುದು. ಮೀನಿನ ಕಸದಿಂದ ಅಮೋನಿಯಾ ಹುಟ್ಟುತ್ತದೆ, ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆ ಅದನ್ನು ಅಷ್ಟೇನೂ ಕೇಡಿಲ್ಲದ ನೈಟ್ರೇಟ್ ಮಾಡುತ್ತದೆ. ಇವೆರಡೂ ಕಲ್ಲು, ಫಿಲ್ಟರುಗಳಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಮೀನಿಲ್ಲದ ತೊಟ್ಟಿಗೆ ಲೀಟರಿಗೆ 2 ಮಿ.ಗ್ರಾಂ. ಆಗುವಷ್ಟು ಅಮೋನಿಯಾ ಹಾಕಿ. 24 ಗಂಟೆಯಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಇಳಿದರೆ ತೊಟ್ಟಿ ಪಳಗಿತು. ಪಳಗಿದ ಇನ್ನೊಂದು ತೊಟ್ಟಿಯ ಫಿಲ್ಟರ್ ಕಲ್ಲು ತಂದು ಹಾಕುವುದಕ್ಕೆ ‘ಹೆಪ್ಪು’ ಎನ್ನಿ, ಯಾರಿಗೂ ವಿವರಿಸಬೇಕಿಲ್ಲ. ಹೆಪ್ಪು ಮಾತ್ರ ರೋಗವಿಲ್ಲದ ಕಡಲುನೀರಿನ ತೊಟ್ಟಿಯದೇ ಆಗಬೇಕು. ಮಲೆನಾಡಿನ ಚಳಿಯಲ್ಲಿ ಮೊಸರು ತಡವಾಗಿ ಹೆಪ್ಪುಗಟ್ಟುವಂತೆ ಇದೂ ತಡವಾಗುತ್ತದೆ. ಹಾಗಾಗಿ ಪಳಗಿಸುವಾಗಲೇ ಹೀಟರ್ ಹಾಕಿ 25 ಡಿಗ್ರಿ ಇಡಿ, 200 ವ್ಯಾಟ್ ಸಾಕು. ಮಂಗಳೂರಿನ ಸೆಕೆಯಲ್ಲಿ ನೀರು ತಂಪು ಮಾಡುವ ಯಂತ್ರ ಬೇಕಾಗಬಹುದು. ಸಾವಿರ ಮೀಟರ್ ಆಸುಪಾಸಿನ ನಮ್ಮ ಎರಡೂ ಊರುಗಳಲ್ಲಿ ಡಿಸೆಂಬರ್ ರಾತ್ರಿಯದೇ ಚಿಂತೆ.

‘ಹವಳಗಲ್ಲು’ ಪದ ತೆಗೆದುಬಿಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹವಳ ಸಂರಕ್ಷಿತ. ಫಲಕ ನೋಡಿ ಯಾರೋ ಕಡಲತೀರದಿಂದ ಚೀಲದಲ್ಲಿ ತಂದಾರು. ‘ಒಣ ಸರಂಧ್ರ ಕಲ್ಲು’ ಎನ್ನಿ, ಸೆರಾಮಿಕ್ ಕಲ್ಲೂ ಆದೀತು.

ಹೆಸರಿನ ವಿಷಯಕ್ಕೆ ಉಬ್ಬುಮೀನೇ ಸರಿ. ಕಾಲು ಊದುವುದು ಕಾಯಿಲೆ, ಪೂರಿ ಉಬ್ಬುವುದು ಅದರ ಗುಣ. ಆದರೆ ಉಬ್ಬುವುದು ಈ ಮೀನಿಗೆ ಭಯದ ಕೊನೆಯ ಉಪಾಯ, ಆಟವಲ್ಲ. ಬಲೆಯಲ್ಲಿ ಮೇಲೆತ್ತಿದರೆ ನೀರಿನ ಬದಲು ಗಾಳಿ ನುಂಗಿ, ಅದನ್ನು ಹೊರಹಾಕಲಾಗದೆ ಸಾಯಬಹುದು. ಫಲಕದಲ್ಲಿ ಹೀಗೆ ಬರೆಯಿರಿ: ‘ಗಾಜು ತಟ್ಟಬೇಡಿ. ಮೀನನ್ನು ಸಾಗಿಸುವಾಗ ಡಬ್ಬಿಯಲ್ಲಿ ನೀರಿನ ಸಮೇತ ಎತ್ತಿ.’

ಮರುಪ್ರಶ್ನೆ:

‘ಆರೈಕೆ ಕಡಿಮೆ’ ಎಂಬ ತಲೆಬರಹ ಇರಲೇ? ಊಟದ ಸಾಲು ಹೇಗೆ ಬರೆಯಲಿ?

ಉತ್ತರ:

‘ಆರೈಕೆ ಕಡಿಮೆ’ ಎಂದರೆ ನೋಡದಿದ್ದರೂ ನಡೆಯುತ್ತದೆ ಎಂದು ಓದುತ್ತಾರೆ. ‘ದಿನಕ್ಕೆ ಐದು ನಿಮಿಷ’ ಎಂದು ಬರೆದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಊಟಕ್ಕೆ ‘ಮೀನಿನ ಆಹಾರ’ ಎಂದರೆ ಕಾಳುಕಾಳಿನ ಡಬ್ಬಿ ತರುತ್ತಾರೆ. ಉಬ್ಬುಮೀನಿನ ಹಲ್ಲು ಗಿಣಿಯ ಕೊಕ್ಕಿನಂತೆ ಕೂಡಿಕೊಂಡಿದ್ದು, ಬದುಕಿರುವಷ್ಟು ಕಾಲ ಬೆಳೆಯುತ್ತದೆ. ಗಟ್ಟಿ ಕಡಿದು ಸವೆಸದಿದ್ದರೆ ಬಾಯಿ ತೆರೆಯಲಾಗದೆ ಉಪವಾಸ ಬೀಳುತ್ತದೆ. ‘ಚಿಪ್ಪಿನ ಸಮೇತ’ ಎಂಬ ಮಾತು ಬಿಡಬೇಡಿ: ಚಿಪ್ಪಿನ ಸಮೇತ ಮರುವಾಯಿ (ಕಡಲತೀರದ ಚಿಪ್ಪುಜೀವಿ), ಸಿಪ್ಪೆ ಸಮೇತ ಸಿಗಡಿ, ಏಡಿಯ ಕಾಲು. ಘಟ್ಟ ಹತ್ತಿ ಬರುವ ಕಡಲ ಮೀನಿನ ಅಂಗಡಿಯಲ್ಲೇ ಕೊಂಡು, ಉಪ್ಪು ಅರಿಸಿನ ಹಚ್ಚದ್ದನ್ನು ಫ್ರೀಜರಿನಲ್ಲಿಟ್ಟು ಕರಗಿಸಿ ಕೊಡಿ. ಬಸವನಹುಳು, ಸಿಗಡಿಗಳನ್ನು ಜೊತೆಗಾರರಾಗಿ ಬಿಟ್ಟರೆ ಅವೂ ಊಟವೇ ಆಗುತ್ತವೆ.

ಸಾಲು ಹೀಗಿರಲಿ: ‘ಸೋಮವಾರ, ಬುಧವಾರ, ಶುಕ್ರವಾರ ಮಾತ್ರ. ಹೊಟ್ಟೆ ತುಸು ದುಂಡಗಾಗುವಷ್ಟು. ಉಳಿದ ಚೂರು 15 ನಿಮಿಷದಲ್ಲಿ ತೆಗೆಯಿರಿ.’ ಬೆಳೆದ ಮೀನು ಶನಿವಾರ, ಭಾನುವಾರ ತಿನ್ನದಿದ್ದರೆ ಏನೂ ಆಗದು. ಗಾಜಿನ ಬಳಿ ಬಂದು ಕುಣಿಯುವುದು ಅದರ ರೂಢಿ, ಹಸಿವಿನ ಗುರುತಲ್ಲ. ರಜೆಯಲ್ಲಿ ಕೊಲ್ಲುವುದು ಕರೆಂಟು ಹೋಗುವುದು. ಮಳೆಗಾಲದಲ್ಲಿ ಲೈನ್ ಹೋದರೆ ಪಂಪ್ ನಿಂತು, ಮೀನು ಚಳಿಗಿಂತ ಮೊದಲು ಉಸಿರಿಗೆ ಒದ್ದಾಡುತ್ತದೆ. ಯುಪಿಎಸ್‌ಗೆ ಪಂಪ್ ಮಾತ್ರ ಜೋಡಿಸಿ, ಹೀಟರ್ ಜೋಡಿಸಿದರೆ ಬ್ಯಾಟರಿ ಬೇಗ ಇಳಿಯುತ್ತದೆ. ಆ ಪ್ಲಗ್ಗಿನ ಮೇಲೆ ‘ತೆಗೆಯಬೇಡಿ’ ಎಂದಷ್ಟೇ ಬರೆದರೆ ಚಾರ್ಜರ್‌ಗಾಗಿ ಯಾರಾದರೂ ತೆಗೆದೇ ತೆಗೆಯುತ್ತಾರೆ. ‘ಮೀನಿನ ಉಸಿರು, ತೆಗೆಯಬೇಡಿ’ ಎಂದು ಬರೆಯಿರಿ.