ಕೋಳಿಗೊಬ್ಬರದ ರಾಶಿಯ ನೊಣ ಅನ್ನದ ಮೇಲೆ ಕೂತರೆ?

ಪ್ರಶ್ನೆ (ಸುಂಟಿಕೊಪ್ಪದ ಬೆಳೆಗಾರ್ತಿ): ನಮಸ್ತೆ ಡಾಕ್ಟ್ರೇ. ತೋಟಕ್ಕೆ ಅಂತ ಒಂದು ಲೋಡ್ ಕೋಳಿಗೊಬ್ಬರ ತರಿಸಿದ್ದೆವು. ಮನೆ ಹಿಂದೆಯೇ ಸುರಿದಿದ್ದಾರೆ. ಎರಡೇ ವಾರದಲ್ಲಿ ಮನೆ, ಕೆಲಸದವರ ಲೈನ್ ಮನೆ ಎಲ್ಲಾ ಕಡೆ ನೊಣ. ಆಂಟಿಬಯೋಟಿಕ್‌ಗೆ ಬಗ್ಗದ ಬ್ಯಾಕ್ಟೀರಿಯಾವನ್ನು ನೊಣ ಹೊತ್ತು ತರುತ್ತದೆ ಅಂತಾರೆ, ನಿಜವಾ? ಮನೆಯಲ್ಲಿ ಎರಡು ವರ್ಷದ ಮಗ ಇದ್ದಾನೆ.

ಉತ್ತರ (ಪಶುವೈದ್ಯ): ನಿಜ ಅಕ್ಕ. ಕೋಳಿಗೆ ಪದೇಪದೇ ಆಂಟಿಬಯೋಟಿಕ್ ಕೊಟ್ಟರೆ ಅದರ ಕರುಳಲ್ಲಿ ಔಷಧ ತಡೆದುಕೊಂಡ ಬ್ಯಾಕ್ಟೀರಿಯಾಗಳೇ ಉಳಿದು ಹೆಚ್ಚುತ್ತವೆ. ಹಿಕ್ಕೆಯ ಜೊತೆ ಹೊರಗೆ ಬರುತ್ತವೆ. ನೊಣ ಹುಟ್ಟುವುದೂ ತಿನ್ನುವುದೂ ಅದೇ ಹಿಕ್ಕೆಯಲ್ಲಿ.

ಕಾಲಿಗೆ ಅಂಟಿಕೊಂಡು ಬರುವುದಷ್ಟೇ ಅಲ್ಲ. ನೊಣಕ್ಕೆ ಕಚ್ಚಿ ತಿನ್ನಲು ಬಾಯಿಲ್ಲ. ಮೊದಲು ಹೀರಿದ್ದರಲ್ಲಿ ಸ್ವಲ್ಪ ಕಕ್ಕಿ, ಎಂಜಲಿನಲ್ಲಿ ಕರಗಿಸಿ, ಮತ್ತೆ ಹೀರುತ್ತದೆ. ಅದು ಅನ್ನದ ಮೇಲೆ ಕೂತಾಗ ನಡೆಯುವುದು ಇದೇ. ಇನ್ನೊಂದು ವಿಷಯ ನನಗೆ ಜಾಸ್ತಿ ಚಿಂತೆ ತರುತ್ತದೆ. ನೊಣದ ಹೊಟ್ಟೆಯೊಳಗೆ ಒಂದು ಬ್ಯಾಕ್ಟೀರಿಯಾ ತನ್ನ ಔಷಧ ತಡೆಯುವ ಜೀನನ್ನು ಇನ್ನೊಂದಕ್ಕೆ ದಾಟಿಸಬಲ್ಲದು. ಇದು ಪ್ರಯೋಗಗಳಲ್ಲಿ ಕಂಡಿದೆ.

ಹಾಗಂತ ಒಂದು ನೊಣ ಕೂತ ತಕ್ಷಣ ಮಗುವಿಗೆ ಕಾಯಿಲೆ ಬರುತ್ತದೆ ಅಂತಲ್ಲ, ಹೆದರಬೇಡಿ. ಆದರೆ ಅಂಥ ಬ್ಯಾಕ್ಟೀರಿಯಾದಿಂದ ಸೋಂಕು ಆದರೆ ಮಾಮೂಲಿ ಔಷಧ ನಾಟುವುದಿಲ್ಲ. ಮಗುವಿನ ಊಟ ಮುಚ್ಚಿಡಿ.

ಪ್ರಶ್ನೆ (ವಿರಾಜಪೇಟೆ): ಸರ್, ಸ್ಪ್ರೇ ಹೊಡೆದರೆ ಸಾಕಲ್ವಾ? ನನಗೆ ಹಂದಿ ಗೂಡಿನದೂ ಇದೇ ತೊಂದರೆ.

ಉತ್ತರ: ಸಾಕಾಗಲ್ಲ ಅಣ್ಣ. ಒಂದು ನೊಣ ಒಂದು ಸಲಕ್ಕೆ ನೂರರಷ್ಟು ಮೊಟ್ಟೆ ಇಡುತ್ತದೆ. ಬಿಸಿಲು ಕಾಲದಲ್ಲಿ ಮೊಟ್ಟೆ ನೊಣವಾಗಲು ಏಳರಿಂದ ಹತ್ತು ದಿನ ಸಾಕು. ಮೊಟ್ಟೆಯೊಡೆದು ಬಂದ ನೊಣದ ಹುಳು ಇರುವುದು ರಾಶಿಯಲ್ಲಿ, ನೀವು ಸ್ಪ್ರೇ ಹೊಡೆಯುವುದು ಅಡುಗೆಮನೆಯಲ್ಲಿ! ಗೂಡನ್ನು ದಿನಾ ಗುಡಿಸಿ ತೊಳೆಯಿರಿ, ಸಗಣಿಯನ್ನು ಗುಂಡಿಗೆ ಹಾಕಿ ಮುಚ್ಚಿ.

ಸುಂಟಿಕೊಪ್ಪದ ಅಕ್ಕ, ನಿಮ್ಮ ರಾಶಿಯನ್ನು ಮನೆಯಿಂದ ದೂರ ಸಾಗಿಸಿ, ಟಾರ್ಪಾಲ್ ಹೊದಿಸಿ, ಅಂಚಿಗೆ ಮಣ್ಣು ಹಾಕಿ. ಒಳಗೆ 55 ಡಿಗ್ರಿ ದಾಟಿ ಬಿಸಿಯಾದರೆ ಹುಳು ಸಾಯುತ್ತದೆ. ಹುಳು ತಣ್ಣಗಿರುವ ಅಂಚಿಗೆ ಓಡಿ ಬರುತ್ತದೆ, ಅದಕ್ಕೇ ಮಣ್ಣು. ಆಗಾಗ ಮಗುಚಿ. ಮಳೆ ನೀರು ಇಳಿಯಲು ಬಿಡಬೇಡಿ.

ವಿರಾಜಪೇಟೆ: ಹಂದಿ ಮರಿಗಳಿಗೆ ಭೇದಿ ಆದಾಗ ಅಂಗಡಿಯಿಂದ ಆಂಟಿಬಯೋಟಿಕ್ ಪೌಡರ್ ತಂದು ನೀರಿಗೆ ಹಾಕ್ತೇನೆ. ಅದೂ ತಪ್ಪಾ?

ಉತ್ತರ: ದಯವಿಟ್ಟು ನಿಲ್ಲಿಸಿ. ಮೊದಲು ಪಶುವೈದ್ಯರಿಗೆ ಮರಿ ತೋರಿಸಿ. ಹಳೇ ಪೊಟ್ಟಣ ಇದ್ದರೆ ಹೆಸರು ಓದಿ ನೋಡಿ. ಕೊಲಿಸ್ಟಿನ್ ಅಂತ ಇದ್ದರೆ ಮುಟ್ಟಲೇಬೇಡಿ. ಬೇರೆ ಯಾವ ಔಷಧವೂ ನಾಟದ ರೋಗಿಗೆ ಆಸ್ಪತ್ರೆಯಲ್ಲಿ ಕೊನೆಗೆ ಕೊಡುವ ಔಷಧ ಅದು. ಕೋಳಿ, ಹಂದಿಯಂಥ ಪ್ರಾಣಿಗಳಿಗೆ ಅದನ್ನು ಮಾರುವುದನ್ನು 2019ರ ಜುಲೈನಲ್ಲೇ ಕೇಂದ್ರ ಸರ್ಕಾರ ನಿಷೇಧಿಸಿದೆ.

ಸುಂಟಿಕೊಪ್ಪದ ಬೆಳೆಗಾರ್ತಿ: ಕಾಫಿ ಒಣಗಿಸುವ ಟಾರ್ಪಾಲ್ ಇದೆ. ಅದನ್ನೇ ಹೊದಿಸಲಾ?

ಉತ್ತರ: ಅದು ಬೇಡ ಅಕ್ಕ, ಮತ್ತೆ ಅದರ ಮೇಲೇ ಕಾಫಿ ಹರಡುತ್ತೀರಲ್ವಾ. ಹಳೇದು, ತೂತಿಲ್ಲದ್ದು ಒಂದು ಹುಡುಕಿ, ಗೊಬ್ಬರಕ್ಕೆ ಅಂತಲೇ ಇಟ್ಟುಬಿಡಿ.